ಹೊತ್ತು ಮುಳುಗುವ ಮುಂಚೆ

ತೇರದಾಳದ ರಾಜಮತಿಯದು ಜೈನರ ಮನೆ; ಅಲ್ಲಿ ಗೆಡ್ಡೆ ಬೇಯಿಸುವುದಿಲ್ಲ, ಜೇನು ಮುಟ್ಟುವುದಿಲ್ಲ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಯಾರ ಬಾಯಿಗೂ ಏನೂ ಹೋಗುವಂತಿಲ್ಲ. "ನಮ್ಮ ಹುಡುಗ ಉಳ್ಳಾಗಡ್ಡಿ ಸೈತ ಮುಟ್ಟಂಗಿಲ್ರೀ" ಎಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳೇ. ಇಂಥ ಮನೆಗೆ ಚಟ ಯಾವ ಬಾಗಿಲಿನಿಂದ ಬಂದೀತು?

ಮಗ ಸಿದ್ಧಾಂತನಿಗೆ ಕಳೆದ ಮಳೆಗಾಲದಲ್ಲಿ ಕೆಮ್ಮು ಹತ್ತಿತ್ತು. ಅಂಗಡಿಯಿಂದ ಔಷಧದ ಬಾಟಲಿ ಅವಳೇ ತಂದಳು. ಸಂಜೆಯಾದರೆ, "ಲೇ ಸಿದ್ಧಾ, ಹೊತ್ತು ಮುಳುಗತೈತಿ, ಔಷಧ ಕುಡಿ ಬಾ" ಎಂದು ಕೂಗಿ ಕರೆದು ಕುಡಿಸಿದಳು. ಕೆಮ್ಮು ನಿಂತಿತು, ಬಾಟಲಿ ನಿಲ್ಲಲಿಲ್ಲ. ಮುಚ್ಚಳದಲ್ಲಿ ಕುಡಿಯುತ್ತಿದ್ದವನು ಬಾಟಲಿಯನ್ನೇ ಎತ್ತತೊಡಗಿದ. ಔಷಧವಲ್ಲವೇ, ಕುಡಿಯಲಿ ಅಂದುಕೊಂಡಳು.

ಮೊನ್ನೆ ಮಗಳು ಪ್ರಾಚಿ ಅವಳನ್ನು ಜಮಖಂಡಿಗೆ ಸಿನಿಮಾಕ್ಕೆ ಕರೆದೊಯ್ದಳು. ನಶೆಗೆ ಬಿದ್ದ ಹುಡುಗನ ಕಥೆ. ಪರದೆಯ ಮೇಲೆ ಆ ಹುಡುಗ ಕೆಮ್ಮಿನ ಔಷಧವನ್ನು ಗಟಗಟ ಕುಡಿದು, ಗೋಡೆಗೆ ಒರಗಿ, ಮಂಕಾಗಿ ನಕ್ಕ. ಆ ನಗೆಯನ್ನು ರಾಜಮತಿ ದಿನಾ ಮನೆಯಲ್ಲಿ ನೋಡುತ್ತಿದ್ದಳು. ಮುಂದಿನ ಕಥೆ ಅವಳಿಗೆ ಕಾಣಲೇ ಇಲ್ಲ.

ಮನೆಗೆ ಬಂದವಳೇ ಇದ್ದ ಬಾಟಲಿಯನ್ನು ಬಚ್ಚಲಿಗೆ ಸುರಿದಳು. ಮರುದಿನ ಸಂಜೆ ಸಿದ್ಧಾಂತನ ಕೈ ನಡುಗತೊಡಗಿತು, ಮೈಯೆಲ್ಲ ಬೆವೆತಿತು. ಅವಳ ಸೆರಗು ಹಿಡಿದು ಎಳೆಯ ಮಗುವಿನಂತೆ ಅತ್ತ.

"ಯವ್ವಾ, ಹೊತ್ತು ಮುಳುಗಾಕತ್ತೈತಿ. ಔಷಧ ಕೊಡ ಬೇ."

ಎದುರಿನ ಗೋಡೆಯ ಮೇಲೆ ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು. ರಾಜಮತಿ ಚಪ್ಪಲಿ ಮೆಟ್ಟಿಕೊಂಡು ಔಷಧದ ಅಂಗಡಿಯತ್ತ ಓಡಿದಳು.