ಮಾಸ್ತಿ ತಾಂಡೇಲ ತೋರಿಸಿದ ಆಚೆಯ ಆಕಾಶ

ಮುರ್ಡೇಶ್ವರದ ಮಾಸ್ತಿ ತಾಂಡೇಲನಿಗೆ ಐವತ್ತು ದಾಟಿತ್ತು. ಹದಿನಾಲ್ಕು ಆಳಿನ ದೋಣಿ ನಡೆಸುವ ಗಂಡಸು, ಆ ದೋಣಿಯ ಮೂತಿಗೆ ಬರೆಸಿದ ಹೆಸರು ಮಾತ್ರ ಓದಲಾರ. ಅದೊಂದು ಕೊರತೆ ಅವನನ್ನು ಒಳಗೇ ತಿನ್ನುತ್ತಿತ್ತು. ೧೯೭೯ರಲ್ಲಿ ಊರಿಗೆ ವಯಸ್ಕರ ಶಾಲೆ ಬಂದಾಗ ಸ್ಲೇಟು ಹಿಡಿದು ಮೊದಲು ಕೂತವನು ಅವನೇ. ದೋಣಿಯ ಆಳುಗಳನ್ನೂ ಎಳೆದು ತಂದು ಕೂರಿಸಿದ.

ಕಲಿಸುವವರು ಹೊಳನಗದ್ದೆಯಿಂದ ವರ್ಗವಾಗಿ ಬಂದ ಅನಂತಮೂರ್ತಿ ಮಾಸ್ತರು. ಒಂದು ಸಂಜೆ ಅಕ್ಷರ ಬಿಟ್ಟು ಆಕಾಶದ ಮಾತೆತ್ತಿದರು: "ನಕ್ಷತ್ರಗಳೆಲ್ಲ ಸೂರ್ಯರೇ. ಅವುಗಳ ಸುತ್ತಲೂ ಭೂಮಿಗಳು ಇರಬಹುದು. ಬಹುದೂರದ ಅಂಥ ಭೂಮಿಯಲ್ಲಿ ನಿಂತು ನೋಡಿದರೆ, ನೀವು ಕಡಲಲ್ಲಿ ದಾರಿಗೆ ನೋಡುವ ಮೂರು ನಕ್ಷತ್ರದ ಸಾಲು ಸಾಲಾಗಿಯೇ ಇರುವುದಿಲ್ಲ."

ದೋಣಿಯಾಳು ಜಟ್ಟನಿಗೆ ಮೈ ಉರಿಯಿತು. "ಎಂತ ಮಾಸ್ತರೆ, ನಮ್ಮಜ್ಜನ ಕಾಲದಿಂದ ಮನೆ ಮುಟ್ಟಿಸಿದ ಚುಕ್ಕಿ ಅದು! ನಾಳೆ ನಮ್ಮನೆ ಬಾಗಿಲೂ ಅಲ್ಲಿಲ್ಲ ಅಂತ್ರಿ!" ಎಂದು ಎದ್ದ. ಉಳಿದವರೂ ಎದ್ದರು. ಮೂರು ದಿನ ಮಾಸ್ತಿಯ ಹೊರತು ಯಾರೂ ಬರಲಿಲ್ಲ. ವಾರದೊಳಗೆ ಜನ ಸೇರದಿದ್ದರೆ ಶಾಲೆ ಮುಚ್ಚುತ್ತದೆ ಎಂದರು ಮಾಸ್ತರು. ಮಾಸ್ತಿ ಇನ್ನೂ "ಮ" ತಿದ್ದುತ್ತಿದ್ದ.

ಮರುದಿನ ಬೆಳಿಗ್ಗೆ ದೋಣಿ ಹೊರಟಿತು. ನೀರಡಿಯ ಬಂಡೆಯ ಪಕ್ಕದಲ್ಲಿ ಮೀನು ಜಾಸ್ತಿ. ಜಾಗ ಚೂರು ತಪ್ಪಿದರೆ ಬಲೆ ಚಿಂದಿ. ಅದಕ್ಕೊಂದು ಗುರುತು: ದಡದ ಗುಡ್ಡ, ಅದರ ಹಿಂದೆ ದೂರದ ಘಟ್ಟದ ಕೋಡು, ಎರಡೂ ಒಂದೇ ಗೆರೆಗೆ ಬರಬೇಕು. ಬಂದವು. ಮಾಸ್ತಿ ಬಲೆ ಇಳಿಸಲು ಹೇಳಲಿಲ್ಲ, ದೋಣಿಯನ್ನು ತೆಂಕು ದಿಕ್ಕಿಗೆ ಸಾಗಿಸಿದ. ಗುಡ್ಡ ಒಂದು ಕಡೆ, ಕೋಡು ಒಂದು ಕಡೆ ಆಯಿತು.

"ಹೋಯ್ ತಾಂಡೇಲಾ, ಜಾಗ ತಪ್ಪಿತು!" ಜಟ್ಟ ಕೂಗಿದ.

"ಗುಡ್ಡ ನಡೀತಾ? ಘಟ್ಟ ನಡೀತಾ?" ಮಾಸ್ತಿ ಕೇಳಿದ.

"ಮರುಳಾ ನಿಂಗೆ? ನಡೆದದ್ದು ನಾವು."

"ಒಂದು ಹತ್ರ, ಒಂದು ದೂರ. ಅದಕ್ಕೇ ಬಿಟ್ಕಂಡವು. ಆ ಮೂರು ಚುಕ್ಕಿಯೂ ಹಂಗೇ ಹಿಂದೆ ಮುಂದೆ ನಿಂತಿದ್ರೆ? ಮಾಸ್ತರು ಹೇಳಿದ್ದು ಇದನ್ನೇ ಅಲ್ದಾ?"

ಜಟ್ಟ ಗುಡ್ಡವನ್ನೂ ಕೋಡನ್ನೂ ಮತ್ತೊಮ್ಮೆ ನೋಡಿದ. "ಆತು ಮಾರಾಯಾ, ದೋಣಿ ತಿರುಗಿಸು. ಸಂಜೆ ಶಾಲೆಗೆ ಬರ್ತೆ."

ಸಂಜೆ ಎಲ್ಲರೂ ಬಂದರು. ಮಾಸ್ತಿ ಕೇಳಿದ, "ಮಾಸ್ತರೆ, ಆ ದೂರದ ಭೂಮಿಯಿಂದ ನಮ್ಮ ಸೂರ್ಯ ಹ್ಯಾಂಗೆ ಕಾಣ್ತದೆ?"

"ಹತ್ತಿರದ ನಕ್ಷತ್ರದಿಂದಾದರೆ ಒಂದು ಚುಕ್ಕಿ, ಅಷ್ಟೇ."

"ಅಲ್ಲೂ ಕಡಲಿದ್ರೆ, ಆ ಚುಕ್ಕಿ ನೋಡ್ಕಂಡು ಮನೆಗೆ ಹೋಗುವ ತಾಂಡೇಲ ಒಬ್ಬ ಇರ್ಬೇಕು."

"ಅವನಿಗೂ ಓದೂಕೆ ಬರೂದಿಲ್ವೇನೋ!" ಎಂದ ಜಟ್ಟ. ಶಾಲೆಗೆ ಶಾಲೆಯೇ ನಕ್ಕಿತು. ಮಾಸ್ತಿ ತಲೆ ಎತ್ತದೆ "ಮ" ತಿದ್ದಿದ.

ಮಳೆಗಾಲ ಬಂತೆಂದು ದೋಣಿಯನ್ನು ದಡಕ್ಕೆ ಎಳೆದ ದಿನ, ಮಾಸ್ತಿ ಅದರ ಮೂತಿಯ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದ: "ಬಂ-ಗಾ-ರಿ."

ಅದು ಅವನ ತಾಯಿಯ ಹೆಸರು.