ಬಕೆಟ್ಟಿನಲ್ಲಿ ಕೂಡಿಹಾಕಿದ ಬೆಳಕು

ಬಣ್ಣದ ಕಾರ್ಖಾನೆಯ ಹಿಂದೆ, ಕೊಳೆನೀರು ಹೊಳೆಗೆ ಬೀಳುವ ಕಡೆ ಒಂದು ತಗಡಿನ ಕೋಣೆ. ಅದರೊಳಗೆ ಕೂರುವವನನ್ನು ಎಲ್ಲರೂ ಕೀಟಲೆಗೆ ದೀಪಣ್ಣ ಅನ್ನುತ್ತಿದ್ದರು. ಕೂದಲೆಳೆಯಂಥ ಗಾಜಿನ ಎಳೆಯೊಂದು ಕೊಳವೆಯೊಳಗೆ ಹಾಯ್ದು ಅಲ್ಲಿಂದ ಕೊಳೆನೀರಿನ ಕಾಲುವೆಗೆ ಇಳಿದಿತ್ತು. ಎಳೆಯಲ್ಲಿ ಹೋದ ಬೆಳಕು ನೀರು ಮುಟ್ಟಿ ಮರಳಿ ಬಂದು, ಕೊಳೆ ಎಷ್ಟೆಂದು ಪರದೆಗೆ ಹೇಳುತ್ತಿತ್ತು. ಹಸಿರಾದರೆ ಸರಿ. ಕೆಂಪಾದರೆ ತೂಬು ತಾನೇ ಮುಚ್ಚಿಕೊಂಡು ಕಾರ್ಖಾನೆ ನಿಲ್ಲುತ್ತಿತ್ತು. ಎಳೆಯ ತುದಿಗೆ ಮೆತ್ತುವ ಜಿಡ್ಡು ಒರೆಸುವುದೇ ದೀಪಣ್ಣನ ಕೆಲಸ.

ಬಸ್ಸಿನಲ್ಲಿ ಅವನ ಮೈವಾಸನೆಗೆ ಪಕ್ಕದ ಸೀಟು ಖಾಲಿ ಬೀಳುತ್ತಿತ್ತು. ಹೆಂಡತಿ ಹೋದ ಮೇಲೆ ಮನೆಯಲ್ಲೂ ಮಾತಿಲ್ಲ. ಹೊಳೆಯ ಕೆಳದಂಡೆಯಲ್ಲಿ ಸೊಪ್ಪು ಬೆಳೆಯುವ ಅಕ್ಕ ಮಾತ್ರ ಸಂಜೆಯಾದರೆ ಫೋನ್ ಮಾಡುತ್ತಿದ್ದಳು.

ಒಂದು ದಿನ ಪರದೆ ಕೆಂಪಾಗಿ ಕಾರ್ಖಾನೆ ನಿಂತಾಗ ಸೂಪರ್‌ವೈಸರ್ ನಲ್ಲಿನೀರಿನ ಬಕೆಟ್ ತಂದಿಟ್ಟ. "ದೀಪಣ್ಣಾ, ತುದೀನ ಇದಕ್ಕೆ ಹಾಕ್ಬಿಡಿ. ಪಾಪ, ಅದಕ್ಕೂ ಒಳ್ಳೇ ನೀರಲ್ಲಿ ಸ್ನಾನ ಆಗ್ಲಿ!"

ದೀಪಣ್ಣ ಹಾಕಿದ. ಪರದೆ ಹಸಿರಾಗಿ ತೂಬು ತೆರೆಯಿತು. ಬೆಳಕಿಗೆ ಸುಳ್ಳು ಹೇಳಲು ಬಾರದು. ಅದಕ್ಕೇ ದೊಡ್ಡ ಮನುಷ್ಯರು ಅದನ್ನು ಬಕೆಟ್ಟಿನಲ್ಲಿ ಕೂಡಿಹಾಕುತ್ತಾರೆ. ಕೂಡಿಹಾಕಲು ಕೈ ಮಾತ್ರ ನಮ್ಮಂಥವರದೇ ಬೇಕು.

"ಲೋ, ನೀರು ಒಂಥರಾ ನಾರ್ತಿದೆ ಕಣೋ. ಗಿಡಕ್ಕೆ ಬಿಡ್ಲಾ?" ಎಂದಳು ಅಕ್ಕ ಆ ಸಂಜೆ.

"ಪರದೇಲಿ ಹಸಿರೇ ಇದೆ, ಅಕ್ಕ."

"ನೀನಲ್ಲಿ ಇದ್ದೀಯಲ್ಲ, ಇನ್ನೇನು ಭಯ ಬಿಡು!"

ಆಮೇಲೆ ಫೋನ್ ಬರುವುದು ನಿಂತುಹೋಯಿತು. ರಜೆಯ ದಿನ ಹೋಗಿ ನೋಡಿದರೆ ಸೊಪ್ಪಿನ ಮಡಿಯೆಲ್ಲ ಸುಟ್ಟು ಕರಿಕಲು. ಅಕ್ಕನ ಮೊಣಕೈವರೆಗೂ ಬೊಬ್ಬೆ. ಅವಳು ಬೈಯಲಿಲ್ಲ.

"ನಿಜವಾಗ್ಲೂ ಹಸಿರಿತ್ತೇನೋ?"

ದೀಪಣ್ಣ ಬಗ್ಗಿ ಸುಟ್ಟ ಸೊಪ್ಪಿನ ಬುಡ ಕೀಳತೊಡಗಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಅವನು ಬಕೆಟ್ಟಿನಿಂದ ತುದಿ ತೆಗೆದು, ಮಗುವಿನ ಮೂತಿ ಒರೆಸುವಷ್ಟು ಮೆತ್ತಗೆ ಒರೆಸಿ, ಕಾಲುವೆಗೆ ಇಳಿಸಿದ. ಪರದೆ ಕೆಂಪಾಯಿತು. ತೂಬು ಮುಚ್ಚಿತು. ಯಂತ್ರಗಳ ಸದ್ದು ಒಂದೊಂದಾಗಿ ಅಡಗಿತು.

ಸೂಪರ್‌ವೈಸರ್ ಏದುಸಿರು ಬಿಡುತ್ತ ಓಡಿಬಂದ. "ತಲೆ ಕೆಟ್ಟಿದ್ಯೇನ್ರೀ? ಎಲ್ಲರ ಹೊಟ್ಟೆ ಮೇಲೆ ಹೊಡೆದ್ರಲ್ರೀ!"

"ಕೆಳಗಿರೋರಿಗೂ ಹೊಟ್ಟೆ ಇದೆ, ಸ್ವಾಮಿ."

ಮಧ್ಯಾಹ್ನದೊಳಗೆ ಅವನನ್ನು ಗೇಟಿನಾಚೆ ಕಳಿಸಿದರು. ಕೆಲಸ ನಿಂತು ಹೊರಬಂದವರು ಅವನ ಪಕ್ಕದಲ್ಲೇ ಹಾದುಹೋದರು. "ದೀಪಣ್ಣ" ಎಂದು ಕೀಟಲೆಗೂ ಒಬ್ಬರೂ ಕರೆಯಲಿಲ್ಲ.

ಸಂಜೆ ಅವನೇ ಫೋನ್ ಮಾಡಿದ. ಬಹಳ ಹೊತ್ತು ಬಡಿದುಕೊಂಡ ಮೇಲೆ ಅಕ್ಕ ಎತ್ತಿದಳು.

"ಅಕ್ಕಾ, ಕೆಂಪು. ಆವತ್ತೂ ಕೆಂಪೇ."

ಉಸಿರಾಟ ಕೇಳಿಸಿತು. ಆಮೇಲೆ ಅವಳು ಫೋನ್ ಇಟ್ಟುಬಿಟ್ಟಳು. ದೀಪಣ್ಣ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದ.