ಸರ್ವಮಂಗಳ ತುಂಬಿದ ಅರ್ಜಿ

೧೯೭೫ರಲ್ಲಿ ಹೊನ್ನವಳ್ಳಿಯ ಸರ್ವಮಂಗಳ ಎಸ್ಸೆಸ್ಸೆಲ್ಸಿ ಪಾಸಾದಳು. ಅವಳಿಗೆ ನರ್ಸ್ ಆಗುವ ಆಸೆ. ಹೈಸ್ಕೂಲಿನ ಹಾಲಸ್ವಾಮಿ ಮೇಷ್ಟ್ರು ತುಮಕೂರಿನಿಂದ ಅವಳಿಗಾಗಿ ಎರಡು ಅರ್ಜಿ ತಂದುಕೊಟ್ಟರು. ಒಂದು ಮೂರೂವರೆ ವರ್ಷದ ಜನರಲ್ ನರ್ಸಿಂಗ್. ಮುಗಿಸಿದರೆ ದೊಡ್ಡಾಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇನ್ನೊಂದು ಎರಡು ವರ್ಷದ ಎ.ಎನ್.ಎಂ.; ಮುಗಿಸಿದರೆ ಹಳ್ಳಿಗಳಲ್ಲಿ ಹೆರಿಗೆ, ಬಾಣಂತಿ, ಮಕ್ಕಳ ಚುಚ್ಚುಮದ್ದು.

ಅಪ್ಪ ತೋಂಟದಾರ್ಯ ಅಟ್ಟದಿಂದ ಇಳಿಸಿದ ಕಾಯಿ ಸುಲಿಸುತ್ತ ನಿಂತಿದ್ದರು. "ಓದೋದಾದ್ರೆ ದೊಡ್ಡದನ್ನೇ ಓದವ್ವ. ಊರೂರು ಸುತ್ತೋದು ಬ್ಯಾಡ," ಎಂದರು. ಅವಳಿಗೂ ಅದೇ ಸರಿ ಅನ್ನಿಸಿತ್ತು. ಬಿಳಿ ಟೋಪಿ ಹಾಕಿಕೊಂಡು ವಾರ್ಡಿನಲ್ಲಿ ಓಡಾಡುವ ತನ್ನನ್ನು ಅವಳು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ಆದರೂ ಊರಿನ ನರ್ಸಮ್ಮ ಭೈರಮ್ಮನವರನ್ನು ಒಂದು ಮಾತು ಕೇಳೋಣವೆಂದು ಹೋದಳು.

"ಇವತ್ತೇ ತುಂಬಬೇಡ ಕಣೇ. ಮೂರು ದಿನ ನನ್ ಜೊತೆ ನಡಿ, ಆಮೇಲೆ ತುಂಬು," ಎಂದರು ಭೈರಮ್ಮ.

ಮೊದಲ ದಿನ ಬರೀ ನಡಿಗೆ. ಎರಡನೆಯ ದಿನ ತೋಟದ ಮನೆಯೊಂದರಲ್ಲಿ ಐದು ದಿನದ ಕೂಸು. ಹೊಕ್ಕುಳಿಗೆ ಬೂದಿ ಮೆತ್ತಿದ್ದರು; ಸುತ್ತ ಕೆಂಪಾಗಿ ಬಾತು ವಾಸನೆ ಬರುತ್ತಿತ್ತು. ಸರ್ವಮಂಗಳಳಿಗೆ ತಲೆ ತಿರುಗಿತು. ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಒಳಗಿನ ಮಾತು ಕೇಳುತ್ತಿತ್ತು. ಭೈರಮ್ಮ ಬೈಯಲಿಲ್ಲ. ಬೂದಿ ಹಚ್ಚಿದ ಅಜ್ಜಿಯನ್ನೇ ಪಕ್ಕಕ್ಕೆ ಕರೆದು, ಅವರ ಕೈಯಲ್ಲೇ ನೀರು ಕಾಯಿಸಿ, ತೊಳೆಯೋದು ಹೇಗೆಂದು ತೋರಿಸಿ, ಕೂಸನ್ನು ಈಗಲೇ ಆಸ್ಪತ್ರೆಗೆ ಒಯ್ಯಬೇಕೆಂದು ಒಪ್ಪಿಸುತ್ತಿದ್ದರು. ಅದಕ್ಕೆ ಸುಮಾರು ಹೊತ್ತೇ ಹಿಡಿಯಿತು. ಸರ್ವಮಂಗಳ ಎದ್ದು ಮತ್ತೆ ಒಳಗೆ ಹೋಗಿ ಬಟ್ಟೆ ಹಿಡಿದುಕೊಂಡು ನಿಂತಳು.

ಕೂಸನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿ ಮರಳುವ ದಾರಿಯಲ್ಲಿ ಅವಳು ತಲೆ ತಗ್ಗಿಸಿ ನಡೆಯುತ್ತಿದ್ದರೆ ಭೈರಮ್ಮ, "ನಂಗೂ ಮೊದಮೊದಲು ಹಂಗೇ ಆಗ್ತಿತ್ತು ಬುಡು," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಆಸ್ಪತ್ರೇಲಿ ಡಾಕ್ಟ್ರು ಪಕ್ಕದಲ್ಲಿರ್ತಾರೆ. ಇಲ್ಲಿ ಯಾರೂ ಇರಲ್ಲ. ಅದನ್ನೂ ಲೆಕ್ಕಕ್ಕೆ ತಗೋ," ಎಂದು ಸೇರಿಸಿದರು.

ಮನೆಗೆ ಬಂದಾಗ ಅಮ್ಮ ಸುವರ್ಣಮ್ಮ, ಬಾಣಂತಿ ಮನೆ ಹೊಕ್ಕು ಬಂದವಳು ಮೊದಲು ಸ್ನಾನ ಮಾಡಲಿ ಎಂದು ಬಾಗಿಲಲ್ಲೇ ತಡೆದರು. ಒಳಗಿನಿಂದ ಅಜ್ಜಿ ಸಿದ್ದಗಂಗಮ್ಮ, "ಲಿಂಗ ಕಟ್ಟಿದೋರಿಗೆ ಎಲ್ಲೀದು ಸೂತಕ? ಕೈಕಾಲು ತೊಳ್ಕೊಂಡು ಬರಲಿ," ಎಂದರು. ಅಮ್ಮ ದಾರಿ ಬಿಟ್ಟರು.

ಮೂರನೆಯ ದಿನವೂ ನಡೆದು ಬಂದ ಮೇಲೆ ಅವಳು ಎ.ಎನ್.ಎಂ. ಅರ್ಜಿಯನ್ನು ಅಪ್ಪನ ಮುಂದಿಟ್ಟಳು.

"ಚಿಕ್ಕದು ಯಾಕವ್ವ?"

"ಆಸ್ಪತ್ರೆಗೆ ಬಂದೋರನ್ನ ನೋಡೋಕೆ ಜನ ಇದಾರೆ ಅಪ್ಪಾಜಿ. ಕೂಸಿಗೆ ಬೂದಿ ಹಚ್ಚಿದ್ದ ಆ ಅಜ್ಜಿ ಮನೆಗೆ ಹೋಗೋಕೆ ಯಾರಿದಾರೆ?"

ಅಪ್ಪ ಅರ್ಜಿಯನ್ನು ಅವಳ ಕೈಗೇ ವಾಪಸು ಕೊಟ್ಟು ತೋಟಕ್ಕೆ ಹೋದರು. ಎರಡು ದಿನ ಬಿಟ್ಟು ತಾವೇ ಅರ್ಜಿ ಕೇಳಿ ಪಡೆದು ಸಹಿ ಹಾಕಿದರು.

ತರಬೇತಿ ಮುಗಿದ ಮೇಲೆ ಅವಳನ್ನು ಅಮ್ಮಸಂದ್ರದ ಕಡೆಯ ಹಳ್ಳಿಯೊಂದಕ್ಕೆ ಹಾಕಿದರು. ಮೊದಲ ವರ್ಷ ಒಂದು ಬೆಳಿಗ್ಗೆ ರಾಮಲಕ್ಷ್ಮಮ್ಮನೆಂಬ ಹೆಂಗಸಿಗೆ ನೋವು ಬಂತು. ಮುಟ್ಟಿ ನೋಡಿದರೆ ತಲೆಯ ಬದಲು ಕೂಸಿನ ಕೈ ಮುಂದೆ ಬಂದಿತ್ತು. ಇದು ತನ್ನ ಕೈಲಾಗುವುದಲ್ಲ ಎಂದು ಸರ್ವಮಂಗಳಳಿಗೆ ತಕ್ಷಣ ತಿಳಿಯಿತು. ಮನೆಯವರು ಇನ್ನೊಂದು ಗಳಿಗೆ ಕಾಯೋಣವೆಂದರು. ಅವಳು ಕೇಳದೆ ರಸ್ತೆಗೆ ಓಡಿ, ಸಿಮೆಂಟು ಹೇರಿಕೊಂಡು ಬರುತ್ತಿದ್ದ ಲಾರಿ ನಿಲ್ಲಿಸಿ, ರಾಮಲಕ್ಷ್ಮಮ್ಮನನ್ನು ಹತ್ತಿಸಿ, ತಾನೂ ಹತ್ತಿ ತಿಪಟೂರಿನ ಆಸ್ಪತ್ರೆಗೆ ಸೇರಿಸಿದಳು. ಆಪರೇಷನ್ನಾಗಿ ತಾಯಿ ಮಗು ಇಬ್ಬರೂ ಉಳಿದರು.

ವಾರ್ಡಿನಲ್ಲಿ ಬಿಳಿ ಉಡುಪಿನ ನರ್ಸೊಬ್ಬರು ಡಾಕ್ಟರು ಹೇಳಿದ್ದನ್ನು ಚಕಚಕ ಮಾಡುತ್ತಿದ್ದರು. ಸರ್ವಮಂಗಳ ಬೆಂಚಿನ ಮೇಲೆ ಕೂತು ಅವರನ್ನೇ ನೋಡಿದಳು. ಹೊಟ್ಟೆಕಿಚ್ಚಾಯಿತು; ಅದನ್ನು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು. ಇಲ್ಲಿದ್ದಿದ್ದರೆ ಇಷ್ಟು ಹೆದರಬೇಕಿರಲಿಲ್ಲ. ಆದರೆ ತಾನು ಇಲ್ಲಿದ್ದಿದ್ದರೆ ರಾಮಲಕ್ಷ್ಮಮ್ಮ ಯಾವ ಹೊತ್ತಿಗೆ ಬಂದು ತಲುಪುತ್ತಿದ್ದಳೋ.

ನಾಲ್ಕರ ಬಸ್ಸಿಗೆ ಅವಳು ಹಳ್ಳಿಗೆ ಹೊರಟಳು. ಮಾರನೆಯ ದಿನ ಮಕ್ಕಳಿಗೆ ಚುಚ್ಚುಮದ್ದು ಹಾಕುವುದಿತ್ತು.